ಕಲ್ಲಿಗೂ ದೀಪಕ್ಕೂ ನಡುವೆ

ಹಿರೇಕೊತ್ತಲದ ಅಗಸಿಯನ್ನು, ಎಂದರೆ ಊರಬಾಗಿಲನ್ನು, ಕಟ್ಟಿಸಿದ ಪುಣ್ಯಾತ್ಮ ಶತ್ರುಗಳ ಬಗ್ಗೆ ಬಹಳ ಯೋಚಿಸಿದ್ದ. ಬಂಡಿಗಳ ಬಗ್ಗೆ ಯೋಚಿಸಿರಲಿಲ್ಲ. ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ದಾರಿ ಈ ಊರಿನ ಹೊಟ್ಟೆಯೊಳಗೇ ಹಾಯಬೇಕು, ಊರೊಳಗೆ ಬರಬೇಕಾದರೆ ಅಗಸಿ ದಾಟಬೇಕು. ಅಗಸಿಯೋ ಮಡಚಿದ ಮೊಣಕೈಯಂತೆ ನಡುವೆ ಒಂದು ತಿರುವು ತೆಗೆದುಕೊಂಡಿತ್ತು. ಆನೆಗಳು ನುಗ್ಗಿ ಬಂದರೆ ತಿರುವಿನಲ್ಲಿ ತಬ್ಬಿಬ್ಬಾಗಲಿ ಎಂಬುದು ಆ ಕಾಲದ ಉಪಾಯ. ಆನೆ ಒಂದೂ ಬರಲಿಲ್ಲ. ಬಂಡಿಗಳು ದಿನಾ ಬಂದವು, ದಿನಾ ತಬ್ಬಿಬ್ಬಾದವು. ಒಳಗಿನಿಂದ ಹೊರಟ ಬಂಡಿಗೆ ಹೊರಗಿನಿಂದ ಬರುವ ಬಂಡಿ ಕಾಣುತ್ತಿರಲಿಲ್ಲ. ಕಮಾನಿನ ಕತ್ತಲೆಯಲ್ಲಿ ಕೊಂಬಿಗೆ ಕೊಂಬು ತಾಗಿದಾಗಲೇ ಎರಡಕ್ಕೂ ಪರಸ್ಪರ ದರ್ಶನ. ಎತ್ತು ಹಿಂದಕ್ಕೆ ನಡೆಯುವ ಪ್ರಾಣಿಯಲ್ಲ. ಹೀಗಾಗಿ ಇಬ್ಬರಲ್ಲಿ ಒಬ್ಬರು ನೊಗದ ಕೊಳ್ಳ ಹರಿದು, ಎತ್ತು ಬಿಚ್ಚಿ, ಬಂಡಿಯನ್ನು ಕೈಯಿಂದ ಹಿಂದಕ್ಕೆ ನೂಕಬೇಕು.

ಯಾರು ನೂಕಬೇಕು ಎಂಬುದಕ್ಕೆ ಮಾತ್ರ ಊರಿನಲ್ಲಿ ಎಂದೂ ಜಗಳ ಆದದ್ದಿಲ್ಲ. ಗೌಡರ ಬಂಡಿ ಎದುರಾದರೆ ರೈತ ನೂಕುತ್ತಿದ್ದ. ರೈತನ ಬಂಡಿ ಎದುರಾದರೆ ಕೇರಿಯವರು ನೂಕುತ್ತಿದ್ದರು. ಕೇರಿಗೆ ಇದ್ದದ್ದು ಒಂದೇ ಬಂಡಿ, ಕಟ್ಟಿಗೆ ಮಾರುವ ಫಕೀರವ್ವನದು. ಆ ಬಂಡಿ ಹುಟ್ಟಿದಾಗಿನಿಂದ ಮುಂದಕ್ಕೆ ಎಷ್ಟು ದಾರಿ ನಡೆದಿತ್ತೋ ಹಿಂದಕ್ಕೂ ಹೆಚ್ಚು ಕಡಿಮೆ ಅಷ್ಟೇ ನಡೆದಿತ್ತು.

ಈ ಊರಿನಲ್ಲಿ ದೇವಪ್ಪ ಎಂಬವನೊಬ್ಬನಿದ್ದ. ಅವನಿಗೆ ಒಂದು ಬಂಡಿ, ಎರಡು ಎತ್ತು, ಕಳಕವ್ವ ಎಂಬ ಹೆಂಡತಿ, ಮತ್ತು ಒಂದು ಮುಂಬಯಿ ಪ್ರವಾಸ ಇದ್ದವು. ಮೊದಲ ಮೂರರ ಬಗ್ಗೆ ಅವನು ಹೆಚ್ಚು ಮಾತಾಡುತ್ತಿರಲಿಲ್ಲ. ನರಗುಂದದ ಪೇಟೆಗೆ ಊರವರ ಹತ್ತಿ, ಜೋಳ ಹೇರಿಕೊಂಡು ಹೋಗುವಾಗ, ಬರುವಾಗ, ಎದುರು ಸಿಕ್ಕವರಿಗೆಲ್ಲ ನಾಲ್ಕನೆಯದನ್ನೇ ಹೇಳುತ್ತಿದ್ದ. ಪರೇಲದ ಗಿರಣಿಯಲ್ಲಿ ಕೆಲಸಕ್ಕಿದ್ದ ತಂಗಿಯ ಗಂಡನ ಮನೆಗೆ ಅವನು ಎಂಟು ದಿನ ಹೋಗಿ ಬಂದಿದ್ದ. ಅಲ್ಲಿ ಒಂದು ದೊಡ್ಡ ಕೂಡುರಸ್ತೆಯಲ್ಲಿ ಕಂಬದ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಮೋಟಾರುಗಳೆಲ್ಲ ಉಸಿರು ಬಿಗಿಹಿಡಿದು ನಿಂತಿದ್ದವು. ದೇವಪ್ಪ ರಸ್ತೆಯಲ್ಲಿ ಹುಗಿದಿದ್ದ ಒಂದು ಕಬ್ಬಿಣದ ಮುಚ್ಚಳದ ಮೇಲೆ ಕಾಲಿಟ್ಟ. ದೀಪ ಹಸಿರಾಯಿತು. ಅವನು ಇಳಿದು, ಮತ್ತೆ ಕೆಂಪಾಗುವ ತನಕ ಕಾದು, ಮತ್ತೆ ಹತ್ತಿದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಸಿರಾಯಿತು. ಹೀಗೆ ಐದು ಸಲ ಪರೀಕ್ಷೆ ಮಾಡಿದ. ಆರನೆಯ ಸಲಕ್ಕೆ ಪೊಲೀಸಿನವನು ಬಂದು ರಟ್ಟೆ ಹಿಡಿದು ಅತ್ತ ಸರಿಸಿದ. ಗುಟ್ಟು ತನಗೆ ಗೊತ್ತಾಯಿತೆಂದೇ ಸರಿಸಿದನೆಂದು ದೇವಪ್ಪನ ದೃಢವಾದ ನಂಬಿಕೆ.

ಇದರಲ್ಲಿ ಅವನು ಸುಳ್ಳು ಹೇಳುತ್ತಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಸುಳ್ಳು ಹೇಳುವವನಿಗೆ ತಾನು ಎಲ್ಲಿ ನಿಲ್ಲಬೇಕೆಂಬುದು ಗೊತ್ತಿರುತ್ತದೆ. ನಂಬಿದವನಿಗೆ ಅದು ಗೊತ್ತಿರುವುದಿಲ್ಲ.

ಮುಂಬಯಿ ಸರ್ಕಾರ ಹೋಗಿ ಮೈಸೂರು ಸರ್ಕಾರ ಬಂದ ಮರುವರ್ಷ ಊರಿನ ಗವಿಸಿದ್ದಪ್ಪಗೌಡರು ಬೆಳಗಾವಿಗೆ ಹೋಗಿ ಮಿಲಿಟರಿಯವರು ಹರಾಜು ಹಾಕಿದ ಒಂದು ಫಟಫಟಿ, ಎಂದರೆ ಮೋಟಾರ್ ಸೈಕಲ್ಲು, ತಂದರು. ಗೌಡರು ಪಂಚಾಯ್ತಿಯ ಚೇರ್ಮನ್ನರೂ ಹೌದು. ಬಂಡಿಯಲ್ಲಿ ಕುಳಿತಾಗ ಎದುರಿನವರು ನೂಕಿಕೊಳ್ಳುವುದನ್ನು ತಂಬಾಕು ತಿನ್ನುತ್ತ ಕಾಯಬಹುದಿತ್ತು. ಫಟಫಟಿ ಕಾಯುವುದಿಲ್ಲ, ನಿಂತರೆ ಕೆಮ್ಮಿ ಸತ್ತುಹೋಗುತ್ತದೆ, ಒದ್ದು ಒದ್ದು ಮತ್ತೆ ಬದುಕಿಸಬೇಕು. ಅಗಸಿಯಲ್ಲಿ ಮೂರು ಸಲ ಒದ್ದ ಮೇಲೆ ಗೌಡರಿಗೆ ಊರಿನ ಸುಧಾರಣೆಯ ವಿಚಾರ ಬಂತು. ದೇವಪ್ಪನನ್ನು ಚಾವಡಿಗೆ ಕರೆಸಿ, ಮುಂಬಯಿಯಂಥ ದೀಪ ಅಗಸಿಯಲ್ಲಿ ಮಾಡಲು ಬರುತ್ತದೆಯೇ ಎಂದು ಕೇಳಿದರು. ಊರಿನ ಹಿರಿಯರೆಲ್ಲ ಅಲ್ಲಿ ಕುಳಿತಿದ್ದರು. ಟಾಂಗಾ ಹೊಡೆಯುವ ಬಾಷಾಸಾಬ ಬಾಗಿಲಲ್ಲಿ ನಿಂತು ಹಲ್ಲು ಕಿಸಿಯುತ್ತಿದ್ದ. ಬರುವುದಿಲ್ಲ ಎನ್ನುವುದು ದೇವಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಬಾಷಾಸಾಬನ ಹಲ್ಲು ನೋಡಿ ಅದು ಒಳಗೆ ಹೋಯಿತು.

“ಅದರಾಗೇನೈತ್ರಿ,” ಎಂದ.

ಮೊದಲ ವಾರ ಕೆಲಸ ಭರದಿಂದ ಸಾಗಿತು. ಗದಗಿನ ಗುಜರಿಯಿಂದ ಒಂದು ಕೆಂಪು ಗಾಜು, ಒಂದು ಹಸಿರು ಗಾಜು ಬಂದವು. ಬಡಿಗ ಒಂದು ಪೆಟ್ಟಿಗೆ ಮಾಡಿದ. ಒಂದು ಮುಖಕ್ಕೆ ಕೆಂಪು, ಬೆನ್ನಿಗೆ ಹಸಿರು, ಒಳಗೆ ಕಂದೀಲು. ಅದನ್ನು ಅಗಸಿಯ ಮೊಣಕೈಯಲ್ಲಿ, ಎರಡೂ ಬಾಯಿಗೆ ಕಾಣುವಂತೆ ಸರಪಳಿಗೆ ತೂಗುಬಿಟ್ಟರು. ಹಾಡುಹಗಲಲ್ಲೂ ಅಲ್ಲಿ ಕತ್ತಲೆಯಾದ್ದರಿಂದ ದೀಪ ಚೆನ್ನಾಗಿಯೇ ಕಂಡಿತು. ಒಂದು ಕಡೆಯವರಿಗೆ ಹಸಿರು ಕಂಡರೆ ಇನ್ನೊಂದು ಕಡೆಯವರಿಗೆ ಕೆಂಪು. ಎರಡೂ ಬಾಯಿಗಳ ಹೊರಗೆ ಒಂದೊಂದು ಚಪ್ಪಡಿ ಕಲ್ಲು ಹಾಸಿದರು. ಬಂಡಿಯ ಗಾಲಿ ಕಲ್ಲು ಮುಟ್ಟಿದ ಕೂಡಲೇ ದೀಪ ತಾನಾಗಿಯೇ ತಿರುಗುತ್ತದೆ ಎಂದು ದೇವಪ್ಪ ಸಾರಿದ.

ಎಲ್ಲ ಮುಗಿದ ಮೇಲೆ ಅವನು ತನ್ನ ಬಂಡಿಯನ್ನು ಕಲ್ಲಿನ ಮೇಲೆ ತಂದು ನಿಲ್ಲಿಸಿದ. ದೀಪ ಅಲುಗಲಿಲ್ಲ. ಆಗ ಅವನಿಗೆ ಹೊಳೆಯಿತು: ಕಲ್ಲು ಇತ್ತು, ದೀಪ ಇತ್ತು, ನಡುವೆ ಏನಿರಬೇಕೆಂಬುದನ್ನು ಮಾತ್ರ ಮುಂಬಯಿಯವರು ನೆಲದೊಳಗೆ ಮುಚ್ಚಿಟ್ಟುಕೊಂಡಿದ್ದರು. ಅವನು ನೋಡಿದ್ದು ಎರಡು ತುದಿಗಳನ್ನಷ್ಟೇ.

ಅಗಸಿಯ ತಲೆಯ ಮೇಲೆ ಹಿಂದಿನ ಕಾಲದಲ್ಲಿ ನಗಾರಿ ಬಾರಿಸುತ್ತಿದ್ದ ಒಂದು ಕೋಣೆಯಿತ್ತು. ಅದರ ಗೋಡೆಗೆ, ಕೆಳಗೆ ಬಂದ ವೈರಿಯ ಮೇಲೆ ಬಂದೂಕು ಹಾರಿಸಲೆಂದು ಇಳಿಜಾರಾಗಿ ಕೊರೆದ ಕಿಂಡಿಗಳಿದ್ದವು. ದೇವಪ್ಪ ಹತ್ತಿ ಹೋಗಿ ಬಗ್ಗಿ ನೋಡಿದ. ಒಂದು ಕಿಂಡಿಯಿಂದ ಹೊರಗಿನ ಚಪ್ಪಡಿ, ಇನ್ನೊಂದರಿಂದ ಒಳಗಿನ ಚಪ್ಪಡಿ ಕಾಣುತ್ತಿತ್ತು. ಅಷ್ಟೇ. ಮೇಲೆ ಕುಳಿತವರ ಮುಖ ಕಾಣದು, ರುಮಾಲು ಕಾಣದು. ಎತ್ತಿನ ಕಾಲು, ಗಾಲಿ, ಇಳಿದು ನಿಂತರೆ ಮನುಷ್ಯನ ಪಾದ. ಇಲ್ಲಿ ಒಬ್ಬನನ್ನು ಕೂರಿಸಿ, ಅವನ ಕೈಗೆ ಪೆಟ್ಟಿಗೆ ತಿರುಗಿಸುವ ಹಗ್ಗ ಕೊಟ್ಟರೆ ಯಂತ್ರ ಪೂರ್ತಿಯಾದಂತೆ. ಆದರೆ ಆ ಒಬ್ಬ ಯಾರಿಗೂ ಕಾಣದವನಾಗಿರಬೇಕು.

ಅಂಥವನು ಊರಿನಲ್ಲಿ ಇದ್ದ. ಪಂಚಾಯ್ತಿಯ ಬೀದಿದೀಪ ಹಚ್ಚುವ ಪರಶಪ್ಪ. ಕೇರಿಯವನು. ಹೆಗಲ ಮೇಲೆ ಏಣಿ, ಕೈಯಲ್ಲಿ ಎಣ್ಣೆಯ ಡಬ್ಬಿ ಹಿಡಿದು ನಲವತ್ತು ವರ್ಷದಿಂದ ಊರೆಲ್ಲ ತಿರುಗುತ್ತಿದ್ದ. ಅವನು ಬಂದನೇ ಎಂದು ಕೇಳಿದರೆ ಜನ ಕಂಬದ ದೀಪ ನೋಡಿ ಹೌದು ಎನ್ನುತ್ತಿದ್ದರೇ ಹೊರತು ಅವನನ್ನು ನೋಡಿ ಅಲ್ಲ. ಅವನು ಏಣಿ ಹತ್ತಿದರೆ ಯಾಕೆ ಹತ್ತಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ದೇವಪ್ಪ ವಿಷಯ ಹೇಳಿದಾಗ ಪರಶಪ್ಪ ನೆಲ ನೋಡುತ್ತಲೇ ಏಣಿಯನ್ನು ಗೋಡೆಗೆ ಒರಗಿಸಿದ. ಆಮೇಲೆ ಕೇಳಿದ:

“ಅಗಸಿ ಕೆಳಗ ಹಾಯಬೇಕಾದ್ರ ನಾವು ಕೆರ ಕೈಯಾಗ ಹಿಡಕೊಂಡು ಹೋಗ್ತೀವ್ರಿ. ಮ್ಯಾಲ ಹತ್ತಿ ಕುಂತ್ರ ಅವನ್ನ ಎಲ್ಲಿ ಇಡಬೇಕ್ರಿ?”

ದೇವಪ್ಪ ಇದನ್ನು ಯೋಚಿಸಿರಲಿಲ್ಲ. ಕೇರಿಯವರು ಅಗಸಿಯ ಕೆಳಗೆ ಹೇಗೆ ನಡೆಯಬೇಕೆಂಬುದಕ್ಕೆ ಊರಿನಲ್ಲಿ ಕಟ್ಟುಕಟ್ಟಳೆ ಇತ್ತು. ಮೇಲೆ ಹೇಗೆ ಕೂರಬೇಕೆಂಬುದಕ್ಕೆ ಇರಲಿಲ್ಲ, ಏಕೆಂದರೆ ಅಂಥದ್ದೊಂದು ಆದೀತೆಂದು ಯಾರ ಅಜ್ಜನಿಗೂ ಹೊಳೆದಿರಲಿಲ್ಲ. ಗೊತ್ತಾದರೆ ಪರಶಪ್ಪನ ಬೆನ್ನು ಮುರಿಯುತ್ತಾರೆ, ಕೂರಿಸಿದವನನ್ನು ಊರು ಹೊರಗಿಡುತ್ತದೆ. ಆದರೆ ಉದ್ಘಾಟನೆ ಮರುದಿನವೇ ಇತ್ತು.

“ಕಾಲಾಗೇ ಇರ್ಲಿ ತಗೋ,” ಎಂದ. “ಯಾರ ಗಾಲಿ ಮೊದಲು ಕಲ್ಲು ಮುಟ್ಟತೈತಿ, ಅವರ ಕಡೆ ಹಸರ ತಿರುವಬೇಕು. ಅಷ್ಟ ನಿನ್ನ ಕೆಲಸ.”

ಉದ್ಘಾಟನೆ ಚೆನ್ನಾಗಿ ಆಯಿತು. ಗೌಡರು ಕಾಯಿ ಒಡೆದು ಫಟಫಟಿಯನ್ನು ಕಲ್ಲಿನ ಮೇಲೆ ತಂದರು. ಎದುರಿಗೆ ಯಾರೂ ಇರಲಿಲ್ಲ. ದೀಪ ಹಸಿರಾಯಿತು. ಚಪ್ಪಾಳೆ ಬಿತ್ತು. ಬಾಷಾಸಾಬ ಹಲ್ಲು ಒಳಗಿಟ್ಟುಕೊಂಡ.

ಮುಂದೆ ಒಂದು ತಿಂಗಳು ಹಿರೇಕೊತ್ತಲದ ಅಗಸಿಯಲ್ಲಿ ಯಾರೂ ಬಂಡಿ ನೂಕಲಿಲ್ಲ. ಜನ ಅದನ್ನು ಗಮನಿಸಲಿಲ್ಲ, ಏಕೆಂದರೆ ಅವರೆಲ್ಲ ದೀಪ ಯಾವುದರಿಂದ ತಿರುಗುತ್ತದೆ ಎಂಬುದನ್ನು ಶೋಧಿಸುತ್ತಿದ್ದರು. ಕುದುರೆ ಎಡಗಾಲು ಮೊದಲು ಇಟ್ಟರೆ ಹಸಿರು ಎಂದು ಬಾಷಾಸಾಬ ಕಂಡುಹಿಡಿದ. ಬಲಗಾಲು ಇಟ್ಟರೆ ಕುದುರೆಯನ್ನು ಟಾಂಗಾ ಸಮೇತ ಹಿಂದಕ್ಕೆ ಕರೆದೊಯ್ದು ಮತ್ತೆ ತರುತ್ತಿದ್ದ. ಗೆಜ್ಜೆಯ ಸದ್ದಿಗೆ ತಿರುಗುತ್ತದೆಂದು ನಂಬಿದ ಕೆಲವರು ಎಮ್ಮೆಗಳಿಗೂ ಗೆಜ್ಜೆ ಕಟ್ಟಿದರು. ಅಬ್ಬಿಗೇರಿಯಿಂದ ಬರುತ್ತಿದ್ದ ಒಬ್ಬ ರೈತ ಕಲ್ಲಿಗೆ ಕುಂಕುಮ ಹಚ್ಚಿ ಹೋದ. ಮೂರನೆಯ ದಿನಕ್ಕೆ ಅಲ್ಲಿ ಊದಿನಕಡ್ಡಿ ಹೊಗೆಯಾಡಿತು. ಎಲ್ಲರೂ ಬಂದು ದೇವಪ್ಪನನ್ನು ಕೇಳುತ್ತಿದ್ದರು. ಅವನು ಗಂಭೀರವಾಗಿ, ಭಾರ ಬೀಳಬೇಕು, ಆದರೆ ಸಮನಾಗಿ ಬೀಳಬೇಕು ಎನ್ನುತ್ತಿದ್ದ. ಅರ್ಥವಾಗದ್ದರಿಂದ ಜನಕ್ಕೆ ಅದು ಪೂರ್ತಿ ಒಪ್ಪಿಗೆಯಾಯಿತು.

ಮನೆಯಲ್ಲಿ ಮಾತ್ರ ಅದು ನಡೆಯಲಿಲ್ಲ. ಗಂಡ ದಿನಾ ಎರಡು ರೊಟ್ಟಿ ಹೆಚ್ಚಿಗೆ ಕಟ್ಟಿಸಿಕೊಂಡು ಹೋಗುವುದನ್ನು ನೋಡಿ ಕಳಕವ್ವ ಯಾರಿಗೆ ಎಂದು ಕೇಳಿದಳು. ಯಂತ್ರಕ್ಕೆ ಎಂದ. ಯಂತ್ರ ರೊಟ್ಟಿ ತಿನ್ನುತ್ತದೆಯೇ ಎಂದಳು. ಎಣ್ಣೆಯ ಜೊತೆಗೆ ಬೇಕಾಗುತ್ತದೆ ಎಂದ. ಅವಳು ಹೆಚ್ಚಿಗೆ ಕೇಳಲಿಲ್ಲ. ಮರುದಿನ ಗಂಟಿನಲ್ಲಿ ರೊಟ್ಟಿಯ ಮೇಲೆ ಕೆಂಪು ಚಟ್ನಿಯೂ, ಒಂದು ಉಳ್ಳಾಗಡ್ಡಿಯೂ ಇದ್ದವು. ಗಂಟು ಕೈಗೆ ಕೊಡುತ್ತ ಹೇಳಿದಳು:

“ಯಂತ್ರಕ್ಕ ಹೇಳ್ರಿ, ಕಿಂಡ್ಯಾಗ ಕೆಮ್ಮಬ್ಯಾಡ ಅಂತ. ನಿನ್ನಿ ನನಗ ಕೇಳಿಸ್ತು. ನನಗ ಕೇಳಿಸಿದ್ದು ಗೌಡ್ರ ಆಳಿಗೂ ಕೇಳಸತೈತಿ.”

ದೇವಪ್ಪ ತನಗಾಗಿ ಒಂದು ಸಣ್ಣ ಅನುಕೂಲ ಮಾಡಿಕೊಂಡಿದ್ದ ಎಂಬುದನ್ನೂ ಹೇಳಿಬಿಡಬೇಕು. ದೀಪ ಮಾಡಿದವನೇ ದೀಪಕ್ಕೆ ಕಾಯುವುದು ಅವನಿಗೆ ಸರಿ ಕಾಣಲಿಲ್ಲ. ಕಿಂಡಿಯಿಂದ ಮುಖ ಕಾಣುವುದಿಲ್ಲ. ಆದ್ದರಿಂದ ಬಾರಕೋಲಿನ ಹಿಡಿಯಿಂದ ನೊಗಕ್ಕೆ ಮೂರು ಏಟು ಬಡಿದರೆ ಅದು ತಾನು ಎಂದು ಪರಶಪ್ಪನಿಗೆ ಹೇಳಿಟ್ಟಿದ್ದ. ಪರಶಪ್ಪ ಹೂಂ ಎಂದಿದ್ದ. ಅಂದಿನಿಂದ ದೇವಪ್ಪ ಕಲ್ಲಿನ ಮೇಲೆ ಬಂದು ಟಕ್ ಟಕ್ ಟಕ್ ಎನ್ನಿಸುವನು. ಒಮ್ಮೆ ಕೂಡಲೇ, ಒಮ್ಮೆ ಸ್ವಲ್ಪ ತಡೆದು, ದೀಪ ಹಸಿರಾಗುತ್ತಿತ್ತು. ಹಸಿರಿನ ಕೆಳಗೆ ಹಾಯುವಾಗ ಅವನ ಎದೆ ಅರ್ಧ ಮೊಳ ಮುಂದೆ ಬರುತ್ತಿತ್ತು. ಲೋಕದಲ್ಲಿ ಒಂದು ದೀಪವಾದರೂ ತನ್ನ ಗುರುತು ಹಿಡಿಯುತ್ತದೆ ಎಂಬುದು ಕಡಿಮೆ ಮಾತಲ್ಲ.

ಗೌಡರಿಗೆ ಆ ಸುಖ ಇರಲಿಲ್ಲ. ಎರಡನೆಯ ವಾರ ಅವರು ಬಂದಾಗ ಎದುರಿನಿಂದ ಬಾಷಾಸಾಬನ ಟಾಂಗಾ ಆಗಲೇ ಒಳಗೆ ನುಗ್ಗಿತ್ತು. ಕೆಂಪು. ಫಟಫಟಿ ಕೆಮ್ಮಿ ಸತ್ತಿತು. ಫಟಫಟಿ ಹಗುರವಾದ್ದರಿಂದ ಕಲ್ಲು ಒತ್ತುತ್ತಿಲ್ಲ ಎಂದು ಊರಿನ ಲೆಕ್ಕಪತ್ರ ಬರೆಯುವ ತಲಾಟಿ ವಿವರಿಸಿದ. ದೇವಪ್ಪ ಹೆದರಿಕೆಯಿಂದ ಹೌದೆಂದ. ಮರುದಿನ ಗೌಡರು ಆ ತಲಾಟಿಯನ್ನೇ ಹಿಂದೆ ಕೂರಿಸಿಕೊಂಡು ಬಂದರು. ತಲಾಟಿ ತೂಕದ ಮನುಷ್ಯ. ಹಸಿರಾಯಿತು. ಸಿದ್ಧಾಂತ ಸ್ಥಿರವಾಯಿತು. ಅದರ ಮರುದಿನ ತಲಾಟಿ ಇದ್ದರೂ ಕೆಂಪು. ತಲಾಟಿ ಕರಗಿದ್ದಾನೆಂದು ತೀರ್ಮಾನವಾಗಿ, ಅವನ ತೊಡೆಯ ಮೇಲೆ ಅಂಗಡಿಯ ತೂಕದ ಕಲ್ಲೊಂದನ್ನು ಇಟ್ಟರು. ಆಗಲೂ ಒಂದು ದಿನ ಹಸಿರು, ಒಂದು ದಿನ ಕೆಂಪು. ಕೊನೆಗೆ ಗೌಡರೂ ತಲಾಟಿಯೂ ಕಲ್ಲಿನ ಮೇಲೆ ಫಟಫಟಿ ನಿಲ್ಲಿಸಿ, ಎದ್ದು ಎದ್ದು ಸೀಟಿನ ಮೇಲೆ ಕುಕ್ಕರಿಸುವ ಪದ್ಧತಿ ಬಿದ್ದಿತು. ಊರಿಗೆ ಊರೇ ಮುಖ ತಿರುಗಿಸಿಕೊಂಡು ನಿಂತು, ಭುಜ ಕುಣಿಸಿ ನಗುತ್ತಿತ್ತು.

ನಗು ಗೌಡರ ಕಿವಿಗೆ ಬಿತ್ತು. ಅದರ ಜೊತೆಗೆ ಇನ್ನೊಂದು ಸುದ್ದಿಯೂ ಬಿತ್ತು: ನಿನ್ನೆ ರೈತರ ಎರಡು ಬಂಡಿ ಕೆಂಪಿಗೆ ನಿಂತಾಗ ಕೇರಿಯ ಫಕೀರವ್ವ ಹಸಿರು ಹಿಡಿದು, ಬಂಡಿಯ ಮೇಲೆ ಕುಳಿತೇ, ಮುಂದಕ್ಕೇ ಹೋದಳು. ಒಂದು ತಿಂಗಳಿಂದ ಆಕೆ ಬಂಡಿ ನೂಕಿದ್ದನ್ನು ನೋಡಿದವರೇ ಇಲ್ಲ.

ದೇವಪ್ಪನಿಗೆ ಚಾವಡಿಗೆ ಕರೆ ಬಂತು. ಗೌಡರು ಮೆಲ್ಲಗೇ ಮಾತಾಡಿದರು.

“ಬರೂ ಸೋಮವಾರ ಪ್ರಾಂತ ಸಾಹೇಬ್ರು ಬರ್ತಾರ. ನಾ ಫಟಫಟಿ ಮ್ಯಾಲ ಮುಂದ, ಅವರ ಜೀಪು ಹಿಂದ. ಹಸರ ಬರಬೇಕು. ಬರಲಿಲ್ಲಂದ್ರ ಮ್ಯಾಲಿನ ಖೋಲಿ ಕೀಲಿ ಒಡದು, ನಿನ್ನ ಯಂತ್ರ ಎಂಥಾದ್ದು ಅಂತ ಊರಿಗೆಲ್ಲಾ ತೋರಸ್ತೀನಿ.”

ದೇವಪ್ಪ ಅಲ್ಲಿಂದ ನೇರ ಏಣಿ ಹತ್ತಿದ. ಸೋಮವಾರ ಒಂದು ದಿನ ಕಲ್ಲು ನೋಡಬೇಡ, ಫಟಫಟಿಯ ಗಾಲಿ ಕಂಡರೆ ಯಾರು ಎದುರಿದ್ದರೂ ಹಸಿರು ತಿರುಗಿಸಿಬಿಡು, ನಿನ್ನ ಬೆನ್ನು ನನ್ನ ಮರ್ಯಾದೆ ಎರಡೂ ಉಳಿಯುತ್ತವೆ ಎಂದು ಅಂಗಲಾಚಿದ. ಪರಶಪ್ಪ ಕಂದೀಲಿನ ಬತ್ತಿ ಕತ್ತರಿಸುತ್ತಿದ್ದ. ಕತ್ತರಿಸುತ್ತಲೇ ಇದ್ದ. ಅವನು ಇಲ್ಲ ಎನ್ನದ್ದರಿಂದ ಹೌದು ಎಂದನೆಂದು ತಿಳಿದು ದೇವಪ್ಪ ಇಳಿದ. ಇಂಥವರು ಇಲ್ಲ ಎಂದದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲವಲ್ಲ.

ಸೋಮವಾರ ಬಂತು. ಹತ್ತು ಗಂಟೆಯ ಹೊತ್ತಿಗೆ ರೋಣದ ದಾರಿಯಲ್ಲಿ ಧೂಳು ಎದ್ದಿತು. ಮುಂದೆ ಗೌಡರ ಫಟಫಟಿ, ಹಿಂದೆ ಕೂತ ತಲಾಟಿಯ ತೊಡೆಯ ಮೇಲೆ ತೂಕದ ಕಲ್ಲು. ಅದರ ಹಿಂದೆ ಸರ್ಕಾರದ ಜೀಪು. ಅದೇ ಹೊತ್ತಿಗೆ ಊರೊಳಗೆ ಕಟ್ಟಿಗೆ ಇಳಿಸಿ, ಖಾಲಿ ಬಂಡಿ ಹೊಡೆದುಕೊಂಡು ಫಕೀರವ್ವ ಒಳಗಿನ ಕಲ್ಲಿನ ಮೇಲೆ ಬಂದಳು. ಅಲ್ಲೇ ನಿಂತಿದ್ದ ದೇವಪ್ಪ, ನಿಲ್ಲು ಎನ್ನಲು ಕೈ ಎತ್ತಿದ. ಅವಳಿಗೆ ಹಸಿರು ಕಂಡಿತು. ಅವಳು ಹೊರಟುಬಿಟ್ಟಳು. ಕ್ಷಣ ಬಿಟ್ಟು ಫಟಫಟಿ ಹೊರಗಿನ ಕಲ್ಲು ಮುಟ್ಟಿತು.

ಕೆಂಪು.

ಗೌಡರು ಎದ್ದು ಕುಕ್ಕರಿಸಿದರು. ತಲಾಟಿಯೂ ಕುಕ್ಕರಿಸಿದ. ಕೆಂಪು ಕೆಂಪಾಗಿಯೇ ಇತ್ತು. ಫಟಫಟಿ ತನ್ನ ಪದ್ಧತಿಯಂತೆ ಕೆಮ್ಮಿ ಸತ್ತಿತು. ಆಗ ಊರು ಎಂದೂ ನೋಡದ ಒಂದು ಸಂಗತಿ ನಡೆಯಿತು. ಹಿಂದಿದ್ದ ಜೀಪು ಕೂಡ ನಿಂತಿತು. ನಿಂತದ್ದಷ್ಟೇ ಅಲ್ಲ, ಅದರ ಡ್ರೈವರ್ ಇಂಜಿನ್ ಬಂದ್ ಮಾಡಿ ಬೀಡಿ ಹಚ್ಚಿದ. ಗೌಡರು ಹಿಂತಿರುಗಿ, ನುಗ್ಗಿಸು ಎಂದು ಕೈ ಮಾಡಿದರು. ಡ್ರೈವರ್ ಮುಂಬಯಿಯಲ್ಲಿ ಹತ್ತು ವರ್ಷ ಗಾಡಿ ಹೊಡೆದವನು. ಕೆಂಪು ಐತಲ್ರೀ ಎಂದ, ಅಷ್ಟರಲ್ಲೇ ಎಲ್ಲ ಬಂತು ಎಂಬಂತೆ. ಕಮಾನಿನೊಳಗಿಂದ ಫಕೀರವ್ವನ ಬಂಡಿ ಹೊರಗೆ ಬಂತು. ಎದುರಿಗೆ ಗೌಡರು, ಜೀಪು, ಸಾಹೇಬರು ಎಲ್ಲರೂ ತನಗಾಗಿ ನಿಂತದ್ದನ್ನು ನೋಡಿ ಅವಳು ಅಭ್ಯಾಸದಂತೆ ಬಂಡಿ ಇಳಿದು ಕೊಳ್ಳ ಹರಿಯಲು ಹೋದಳು. ಎತ್ತುಗಳಿಗೆ ಒಂದು ತಿಂಗಳಲ್ಲಿ ಹೊಸ ಅಭ್ಯಾಸವಾಗಿತ್ತು. ಅವು ಅವಳನ್ನು ಎಳೆದುಕೊಂಡೇ ಮುಂದಕ್ಕೆ ನಡೆದವು.

ಸಾಹೇಬರು ಜೀಪಿನಿಂದ ಇಳಿದರು. ಗೌಡರು ಮತ್ತು ತಲಾಟಿ ಕಲ್ಲಿನ ಮೇಲೆ ಯಾಕೆ ಹಾಗೆ ಮಾಡುತ್ತಿದ್ದರೆಂದು ವಿಚಾರಿಸಿದರು. ದೇವಪ್ಪನನ್ನು ಮುಂದೆ ದಬ್ಬಿದರು. ಅವನು ಮುಂಬಯಿಯ ಕಬ್ಬಿಣದ ಮುಚ್ಚಳದ ಕಥೆ ಹೇಳಿದ. ಸಾಹೇಬರು ನಕ್ಕರು.

“ಮುಂಬಯಿದಾಗ ನಾ ಐದು ವರ್ಷ ಕಲ್ತೀನಿ. ಆ ದೀಪ ಯಾರನ್ನೂ ನೋಡೂದಿಲ್ಲಪ್ಪ. ಒಳಗ ಗಡಿಯಾರದಂಥಾ ಚಕ್ರ ಇರ್ತದ. ಅದರ ಪಾಳಿ ಪ್ರಕಾರ ಅದು ತಿರುಗತದ. ನೀ ಮುಚ್ಚಳದ ಮ್ಯಾಲ ನಿಂತಿ, ಅದರ ಹೊತ್ತೂ ಆಗಿತ್ತು. ಅಷ್ಟ.”

ದೇವಪ್ಪನಿಗೆ ಊರ ಮುಂದೆ ಅವಮಾನವಾದದ್ದು ತಟ್ಟಲಿಲ್ಲ. ಬೇರೆಯೇ ಒಂದು ತಟ್ಟಿತು. ಅಷ್ಟು ದೊಡ್ಡ ಪಟ್ಟಣದಲ್ಲಿ ಆ ದೀಪ ತನ್ನನ್ನು ನೋಡಿಯೇ ಇರಲಿಲ್ಲ. ಅದರ ಕೆಳಗೆ ನಿಂತಿದ್ದ ಸೇಠುಗಳ ಮೋಟಾರುಗಳನ್ನೂ ನೋಡಿರಲಿಲ್ಲ. ಹಾಗಾದರೆ ಅಂದು ಆ ಸೇಠುಗಳೂ ತಾನೂ ಒಂದೇ ಸಾಲಿನಲ್ಲಿ ನಿಂತಿದ್ದೆವಲ್ಲ ಎಂದುಕೊಳ್ಳುವಷ್ಟರಲ್ಲಿ, ಹಾಗಾದರೆ ಇಲ್ಲಿ ತಿರುಗಿಸುವುದು ಏನು ಎಂದು ಗೌಡರು ಕೇಳಿದರು. ಕೀಲಿ ಒಡೆಯುವುದು ಬೇಕಾಗಲಿಲ್ಲ. ಎಲ್ಲರೂ ಏಣಿ ಹತ್ತಿದರು.

ಪರಶಪ್ಪ ಹಗ್ಗ ಹಿಡಿದು ಕಿಂಡಿಗಳ ನಡುವೆ ಕುಳಿತಿದ್ದ. ಕೆರ ಕಾಲಲ್ಲೇ ಇತ್ತು. ಗೌಡರ ಮುಖ ಕೆಳಗಿನ ದೀಪದ ಬಣ್ಣಕ್ಕೆ ಬಂತು. ತಿಂಗಳಿಡೀ ತಮ್ಮ ನೆತ್ತಿಯ ಮೇಲೆ ಯಾರು ಕುಳಿತಿದ್ದರೆಂಬುದು ಅವರಿಗೆ ಮೆಟ್ಟಿಲು ಮೆಟ್ಟಿಲಾಗಿ ತಿಳಿಯುತ್ತ ಹೋಗುವುದನ್ನು ದೇವಪ್ಪ ನೋಡಿದ. ಅವರ ಕೈ ಮೇಲೆದ್ದಿತು. ದೇವಪ್ಪ ನಡ ಬಗ್ಗಿಸಿ ಮಧ್ಯೆ ಬಂದ. ತಾನೇ ಕೂರಿಸಿದ್ದು ಎಂದ. ಇವನಿಗೆ ಏನೂ ಗೊತ್ತಿಲ್ಲ, ಕಿಂಡಿಯಿಂದ ಬರೀ ಕಾಲು ಮತ್ತು ಗಾಲಿ ಕಾಣುತ್ತವೆ, ಯಾರು ಗೌಡರು ಯಾರು ಫಕೀರವ್ವ ಎಂದು ಇವನಿಗೆ ತಿಳಿಯಲು ದಾರಿಯೇ ಇಲ್ಲ, ತಿಳಿಯದೆ ಆದ ತಪ್ಪು ಎಂದು ಒಂದೇ ಉಸಿರಿಗೆ ಹೇಳಿದ. ಫಟಫಟಿಯ ಗಾಲಿಯೂ ಗುರುತು ಸಿಗಲಿಲ್ಲವೇ ಎಂದು ಸಾಹೇಬರು ಕೇಳಿದಾಗ, ಸೈಕಲ್ಲು ಅಂತ ತಿಳಿದಿರಬೇಕು ಎಂದುಬಿಟ್ಟ. ಗೌಡರಿಗೆ ಅಂದು ಆದ ಗಾಯಗಳಲ್ಲಿ ಇದು ಎಷ್ಟನೆಯದೋ.

ಪರಶಪ್ಪ ತಲೆ ಆಡಿಸಿದ್ದರೆ ಸಾಕಿತ್ತು. ತಿಳಿಯದವನಿಗೆ ಈ ಊರಿನಲ್ಲಿ ಕ್ಷಮೆ ಇತ್ತು. ಸಾಹೇಬರೇ ಅವನಿಗೆ ದಾರಿ ತೋರಿಸಿ, ಖರೇನಾ ಎಂದು ಕೇಳಿದರು.

“ಗೊತ್ತಿತ್ರಿ,” ಎಂದ ಪರಶಪ್ಪ.

ಅವನು ಹಗ್ಗವನ್ನು ಕೆಳಗಿಟ್ಟ.

“ನಲವತ್ತು ವರ್ಷ ತಲಿ ತಗ್ಗಿಸಿಕೊಂಡು ಅಡ್ಡಾಡೀನ್ರಿ ಈ ಊರಾಗ. ಮಾರಿ ನೋಡಿದ್ದು ಕಡಿಮಿ. ಕಾಲು ಮಾತ್ರ ಎಲ್ಲಾರವೂ ಗೊತ್ತು. ಗೌಡ್ರ ಎಡಗಾಲಿನ ಬೂಟು ಹೊರಮಗ್ಗಲಿಗೆ ಸವದೈತಿ. ತಲಾಟಿಯವರ ಚಪ್ಪಲಿಗೆ ಮೂರು ಮೊಳಿ, ನಡುವಿಂದು ಹೊಸಾದು. ದೇವಪ್ಪಾರ ಬಲಗಡಿ ಎತ್ತಿನ ಗೊರಸು ಸೀಳೈತಿ. ಬರೂದು ಗೌಡ್ರು ಅಂತ ಗೊತ್ತಿದ್ದೇ ತಿರುವೀನ್ರಿ. ಫಕೀರವ್ವನ ಗಾಲಿ ಮೊದಲು ಕಲ್ಲು ಮುಟ್ಟಿತು.”

ಸಾಹೇಬರು ಬಗ್ಗಿ ಕಿಂಡಿಯಿಂದ ಕೆಳಗೆ ನೋಡಿದರು. ಆಮೇಲೆ ಸರ್ಕಾರದ ನ್ಯಾಯ ಹೊರಬಿತ್ತು. ಅಸ್ಪೃಶ್ಯತೆ ಅಪರಾಧವೆಂದು ಎರಡು ವರ್ಷದ ಹಿಂದೆಯೇ ಕಾಯ್ದೆ ಬಂದಿದೆ, ಆದ್ದರಿಂದ ಈ ಮನುಷ್ಯನ ಮೈ ಮುಟ್ಟಕೂಡದು; ಹಾಗೆಯೇ ಈ ದೀಪಕ್ಕೆ ಮಂಜೂರಾತಿ ಇಲ್ಲ, ಆದ್ದರಿಂದ ಇವನು ಇಲ್ಲಿ ಕೂರಕೂಡದು. ಒಂದೇ ಉಸಿರಿನಲ್ಲಿ ಕಾಯ್ದೆಯನ್ನೂ ಗೌಡರನ್ನೂ ಕಾಪಾಡಿ, ಅವರು ಊಟಕ್ಕೆ ಗೌಡರ ವಾಡೆಗೆ ಹೋದರು.

ಏಣಿ ಇಳಿಯುವಾಗ ದೇವಪ್ಪ ಹಿಂದಿನಿಂದ ಪಿಸುಗುಟ್ಟಿದ. ಇಷ್ಟೆಲ್ಲಾ ಗೊತ್ತಿದ್ದರೆ ತನ್ನ ಮೂರು ಏಟು ಯಾಕೆ ಬೇಕಾಗಿತ್ತು ಎಂದು.

“ಬೇಕಾಗಿರಲಿಲ್ರಿ,” ಎಂದ ಪರಶಪ್ಪ. “ದಿನಾ ಬಡಿತಿದ್ರಿ, ಬ್ಯಾಡ ಅಂತ ಹ್ಯಾಂಗ ಅನ್ನೂದು. ಆದ್ರ ಅದಕ್ಕ ಒಂದು ಸಲಾನೂ ತಿರುವಿಲ್ರಿ ನಾ. ನಿಮ್ಮ ಪಾಳಿ ಬಂದಾಗ ತಿರುವೀನಿ.”

ದೇವಪ್ಪ ಏಣಿಯ ನಡುವೆ ನಿಂತುಬಿಟ್ಟ. ಕೆಳಗಿದ್ದ ತಲಾಟಿ, ತೂಕದ ಕಲ್ಲು ಹಿಡಿದುಕೊಂಡು, ಬೇಗ ಇಳಿ ಎಂದು ಬೈಯುತ್ತಿದ್ದ.

ಜೀಪು ಹೋದ ಮರುದಿನ ನಗಾರಿ ಕೋಣೆಯನ್ನು ಗೋಮೂತ್ರ ಹಾಕಿ ತೊಳೆದರು. ದೀಪದ ಪೆಟ್ಟಿಗೆಗೂ ಚಿಮುಕಿಸಿದ್ದರಿಂದ ಬಿಸಿಯಿದ್ದ ಕೆಂಪು ಗಾಜು ಚಟ್ ಎಂದು ಸೀಳಿತು. ಪರಶಪ್ಪ ಏಣಿ ಹೊತ್ತು ಮತ್ತೆ ಬೀದಿದೀಪಗಳಿಗೆ ಹೋದ. ಎಣ್ಣೆಯ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲವೆಂಬುದೇ ಅದಕ್ಕೆ ಕಾರಣ. ಗೌಡರು ತಮ್ಮ ಆಳು ಮಾಳಪ್ಪನನ್ನು ಮೇಲೆ ಕೂರಿಸಿದರು. ಅವನಿಗೆ ಚೆನ್ನಾಗಿ ಕಾಣಲೆಂದು ಕಿಂಡಿ ಒಡೆದು ಕಿಟಕಿ ಮಾಡಿಸಿದರು. ಮಾಳಪ್ಪ ಕಾಲು ನೋಡುವ ತೊಂದರೆ ತೆಗೆದುಕೊಳ್ಳಲಿಲ್ಲ. ಮುಖ ನೋಡಿ ತಿರುಗಿಸುತ್ತಿದ್ದ. ಗೌಡರ ಫಟಫಟಿ ಇನ್ನೂ ಅಬ್ಬಿಗೇರಿಯ ದಾರಿಯಲ್ಲಿರುವಾಗಲೇ ಅಗಸಿ ಹಸಿರಾಗುತ್ತಿತ್ತು. ದೀಪ ಈಗ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ಊರು ಒಪ್ಪಿತು. ಫಕೀರವ್ವ ಬಂಡಿ ನೂಕತೊಡಗಿದಳು. ದೇವಪ್ಪನ ಜೊತೆ ಯಾರೂ ಕೆಲವು ದಿನ ಮಾತಾಡಲಿಲ್ಲ, ಆಮೇಲೆ ಸುಗ್ಗಿ ಬಂತು, ಜೋಳ ಹೇರಲು ಬಂಡಿ ಬೇಕಾಯಿತು, ಮಾತಾಡಿದರು.

ಒಂದು ಮುಂಜಾನೆ ದೇವಪ್ಪ ನರಗುಂದದ ಪೇಟೆಗೆಂದು ಜೋಳ ಹೇರಿಕೊಂಡು ಒಳಗಿನ ಕಲ್ಲಿನ ಮೇಲೆ ಬಂದ. ಹೊರಗಿನ ಬಾಯಿಯಿಂದ ಗಾಲಿಯ ಕಿರುಗುಟ್ಟುವಿಕೆ ಕೇಳಿಸಿತು. ಎಣ್ಣೆ ಕಾಣದ ಆ ಗಾಲಿ ಯಾರದೆಂದು ಅವನಿಗೆ ಗೊತ್ತಿತ್ತು. ಅವಳು ಆಗಲೇ ಕಮಾನಿನೊಳಗೆ ಬಂದಿದ್ದಳು. ಮೇಲಿನ ಕಿಟಕಿಯಿಂದ ಮಾಳಪ್ಪನ ಮುಖ ಹೊರಬಂತು. ದೇವಪ್ಪನ ಮುಖ ನೋಡಿತು. ಒಳಗೆ ಹೋಯಿತು. ಪೆಟ್ಟಿಗೆ ತಿರುಗಿ ಹಸಿರು ಇತ್ತ ಬಂತು.

ದೇವಪ್ಪ ಬಾರಕೋಲು ಎತ್ತಿರಲಿಲ್ಲ, ನೊಗಕ್ಕೆ ಬಡಿದಿರಲಿಲ್ಲ. ಅವನ ಜೀವಮಾನದಲ್ಲಿ ಮೊದಲ ಸಲ, ಖರೇ ಖರೇ, ಒಂದು ದೀಪ ಅವನನ್ನು ನೋಡಿ ಹಸಿರಾಗಿತ್ತು.

ಅವನು ಹಗ್ಗ ಜಗ್ಗಿ ಎತ್ತುಗಳನ್ನು ನಿಲ್ಲಿಸಿದ.

ಒಳಗೆ ಕತ್ತಲೆಯಲ್ಲಿ ಫಕೀರವ್ವ ಎತ್ತು ಬಿಚ್ಚುವ ಸದ್ದು. ದೇವಪ್ಪ ಕೂಗಿ, ಬಿಚ್ಚಬೇಡ, ಹೊಡೆದುಕೊಂಡು ಬಾ ಎಂದ. ಹಿಂದೆ ಬಾಷಾಸಾಬನ ಟಾಂಗಾ ಬಂದು ನಿಂತಿತು. ಅದರ ಹಿಂದೆ ಗೌಡರ ಫಟಫಟಿ ಬಂದು ನಿಂತಿತು. ಫಕೀರವ್ವನ ಬಂಡಿ ಹೊರಬರುವಷ್ಟೇ ದಾರಿ ಬಿಟ್ಟು ಜೋಳದ ಬಂಡಿ ಕಲ್ಲಿನ ಮೇಲೆ ಬೆಣೆ ಹೊಡೆದಂತೆ ಕುಳಿತಿತ್ತು. ಅದನ್ನು ಬಳಸಿ ನುಗ್ಗಿದವರಿಗೆ ಎದುರಾಗುವುದು ಅವಳ ಎತ್ತಿನ ಕೊಂಬೇ.

“ಲೇ ದೇವಪ್ಪಾ,” ಎಂದ ಬಾಷಾಸಾಬ. “ಹಸರಾಗಿ ಎಷ್ಟೊತ್ತಾತು, ಕಣ್ಣ ಹ್ವಾದ್ವೇನು? ನಡಿ ಮತ್ತ.”

“ದೀಪ ಆಗೇತಿ,” ಎಂದ ದೇವಪ್ಪ. “ನಾ ಇನ್ನ ಆಗಿಲ್ಲ.”

ಬಾಷಾಸಾಬ ಒಳಗಿನ ಗಾಲಿಯ ಸದ್ದಿಗೆ ಕಿವಿಗೊಟ್ಟ. ಕುದುರೆಯ ಲಗಾಮು ಸಡಿಲು ಬಿಟ್ಟು ಬೀಡಿ ಹಚ್ಚಿದ. ಅವನ ಹಿಂದೆ ಫಟಫಟಿ ಕೆಮ್ಮಿತು. ಗೌಡರು ಹಾರ್ನು ಒತ್ತಿದರು, ಮಾಳಪ್ಪನನ್ನು ಹೆಸರು ಹಿಡಿದು ಕರೆದರು. ಮಾಳಪ್ಪ ಹಸಿರನ್ನು ಇನ್ನಷ್ಟು ಹಸಿರು ಮಾಡಲು ಬತ್ತಿ ಏರಿಸಿದ. ಹಿಂದೆ ಕುಳಿತಿದ್ದ ತಲಾಟಿ ಅಭ್ಯಾಸಬಲದಿಂದ ಎದ್ದು ಎದ್ದು ಕುಕ್ಕರಿಸತೊಡಗಿದ. ಅವನ ಕೆಳಗೆ ಕಲ್ಲು ಕೂಡ ಇರಲಿಲ್ಲ.

ಬೀದಿದೀಪ ಆರಿಸಿಕೊಂಡು ಏಣಿ ಹೊತ್ತು ಬರುತ್ತಿದ್ದ ಪರಶಪ್ಪ ಬಂಡಿಗಳ ಸಾಲು ಕಂಡು ನಿಂತ. ಅಭ್ಯಾಸದಂತೆ ಕಾಲುಗಳನ್ನು ನೋಡುತ್ತ ಬಂದ: ಸವೆದ ಬೂಟು, ಕುದುರೆಯ ಲಾಳ, ಕಲ್ಲಿನ ಮೇಲೆ ಅಲುಗದೆ ನಿಂತಿದ್ದ ಒಂದು ಸೀಳು ಗೊರಸು. ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ, ಅದು ಯಾರೆಂದು ಗೊತ್ತಿದ್ದೂ, ತಲೆ ಎತ್ತಿ ಮುಖ ನೋಡಿದ.